ಹೊಸ ಕಾಗದಕ್ಕೆ ಹಳೆಯ ಕಳೆ: ಕೈಯಲ್ಲಿ ಮಾಡುವ ಕಾರ್ಡ್‌ಗಳಿಗೆ ಡಿಸ್ಟ್ರೆಸ್ಸಿಂಗ್

ಕಾರ್ಡ್ ಮಾಡಲು ಅಂತ ಒಳ್ಳೆಯ ಕಾಗದ ತಂದು, ಅದನ್ನೇ ಹರಿದು, ಉಜ್ಜಿ, ಮುದುಡಿ, ಮೇಲೆ ಕಲೆ ಬೇರೆ ಮಾಡುವುದನ್ನು ಮೊದಲ ಸಲ ನೋಡಿದವರಿಗೆ ಇದೇನು ಹುಚ್ಚಾಟ ಅನ್ನಿಸುತ್ತದೆ. ಕಾರ್ಡ್ ಮಾಡುವವರು ಇದಕ್ಕೆ ಡಿಸ್ಟ್ರೆಸ್ಸಿಂಗ್ ಅನ್ನುತ್ತಾರೆ. ಇವತ್ತು ಕತ್ತರಿಸಿದ ಕಾಗದಕ್ಕೆ ಹತ್ತಾರು ವರ್ಷ ಬಳಸಿದ ಕಳೆ ತರುವ ಕೆಲಸ ಇದು. ಹಳೆಯ ಪತ್ರ, ಹಳೆಯ ನಕ್ಷೆ, ಪೆಟ್ಟಿಗೆಯ ತಳದಲ್ಲಿ ಸಿಕ್ಕ ಫೋಟೊ, ಇಂಥದ್ದನ್ನು ನೆನಪಿಸುವ ಕಾರ್ಡ್ ಬೇಕಾದಾಗ ಇದು ಕೈಗೆ ಬರುತ್ತದೆ.

ಒಂದೊಂದು ತಂತ್ರವೂ ಸುಲಭವೇ. ಕಲಿಯಲು ಜಾಸ್ತಿ ಹೊತ್ತು ಬೇಡ. ಆದರೂ ಎಷ್ಟೋ ಕಾರ್ಡ್‌ಗಳು ಹಳೆಯದಾಗಿ ಕಾಣುವುದಿಲ್ಲ, ಸುಮ್ನೆ ಕೊಳೆಯಾದ ಹಾಗೆ ಕಾಣುತ್ತವೆ. ಕಂದು ಬಣ್ಣ ಎಲ್ಲೆಂದರಲ್ಲಿ ಬಿದ್ದಿರುತ್ತದೆ, ನಾಲ್ಕು ಅಂಚೂ ಒಂದೇ ಸಮ ಸವೆದಿರುತ್ತವೆ. ನಿಜವಾದ ಹಳೆಯ ಕಾಗದ ಹೀಗೆ ಇರುವುದಿಲ್ಲ. ಅದರ ಮೇಲಿನ ಪ್ರತಿ ಗುರುತಿಗೂ ಒಂದು ಕಾರಣ ಇರುತ್ತದೆ. ಆ ಕಾರಣ ಗೊತ್ತಾದರೆ ಎಲ್ಲಿ ಉಜ್ಜಬೇಕು, ಎಲ್ಲಿ ಕೈ ಹಾಕಬಾರದು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಹಾಗಾಗಿ ತಂತ್ರಕ್ಕಿಂತ ಮೊದಲು ಕಾಗದದ ವಿಚಾರ.

ಕಾಗದ ಹೇಗೆ ಹಳತಾಗುತ್ತದೆ

ಕಾಗದ ಅಂದರೆ ಗಿಡಮರಗಳ ನಾರು ಒಂದರ ಮೇಲೊಂದು ಹೆಣೆದುಕೊಂಡ ತೆಳುವಾದ ಹಾಳೆ. ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ಮರದಿಂದ ಬಂದ ನಾರಿನಲ್ಲಿ ಲಿಗ್ನಿನ್ ಅನ್ನುವ ಇನ್ನೊಂದು ವಸ್ತುವೂ ಇರುತ್ತದೆ. ಒಳ್ಳೆಯ ಕಾಗದ ಮಾಡುವಾಗ ಅದನ್ನು ಬಹುಪಾಲು ತೆಗೆದುಬಿಡುತ್ತಾರೆ. ಪತ್ರಿಕೆ ಮುದ್ರಿಸುವ ಅಗ್ಗದ ಕಾಗದದಲ್ಲಿ ಹಾಗೇ ಬಿಡುತ್ತಾರೆ. ಬೆಳಕು ಮತ್ತು ಗಾಳಿ ತಾಗಿದರೆ ಲಿಗ್ನಿನ್ ಹಳದಿಯಾಗುತ್ತದೆ. ಬಿಸಿಲಲ್ಲಿ ಬಿಟ್ಟ ಪತ್ರಿಕೆ ಕೆಲವೇ ದಿನದಲ್ಲಿ ಬಣ್ಣ ಬದಲಿಸುವುದು ಇದರಿಂದಲೇ.

ಇನ್ನೊಂದು ಕಾರಣ ಆಮ್ಲ. 1807ರಲ್ಲಿ ಜರ್ಮನಿಯ ಮೊರಿಟ್ಜ್ ಫ್ರೀಡ್ರಿಕ್ ಇಲ್ಲಿಗ್ ಎಂಬಾತ, ಶಾಯಿ ಹರಡದಂತೆ ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುವ ವಿಧಾನವನ್ನು ಪ್ರಕಟಿಸಿದ. ಕಾರ್ಖಾನೆಗಳಿಗೆ ಅದು ಬಹಳ ಅನುಕೂಲವಾಯಿತು. ಆದರೆ ಪಟಿಕದಿಂದ ಕಾಗದದಲ್ಲಿ ಆಮ್ಲ ಉಳಿಯುತ್ತದೆ, ಆ ಆಮ್ಲ ನಿಧಾನಕ್ಕೆ ಸೆಲ್ಯುಲೋಸಿನ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ಅದಕ್ಕೇ 1800ಕ್ಕಿಂತ ಹಿಂದಿನ, ಹಳೆಬಟ್ಟೆಯ ನಾರಿನಿಂದ ಮಾಡಿದ ಕಾಗದ ಇವತ್ತಿಗೂ ಗಟ್ಟಿಯಾಗಿರುವುದುಂಟು. ಅದಕ್ಕಿಂತ ನೂರು ವರ್ಷ ಚಿಕ್ಕ ಪುಸ್ತಕದ ಪುಟ ಮಡಚಿದರೆ ಮುರಿದು ಕೈಗೆ ಬರುತ್ತದೆ.

ಕಾರ್ಡ್ ಮಾಡುವವರಿಗೆ ಇದರಲ್ಲಿ ಮುಖ್ಯವಾದದ್ದು ಜಾಗ. ಬೆಳಕು, ಗಾಳಿ, ತೇವ ಮೂರೂ ಮೊದಲು ಮುಟ್ಟುವುದು ಅಂಚನ್ನು. ಹಳೆಯ ಪುಸ್ತಕದ ಪುಟ ತೆರೆದು ನೋಡಿ: ಸುತ್ತ ಕಂದು, ಒಳಕ್ಕೆ ಹೋದಂತೆ ತಿಳಿ. ಕೈ ಹಿಡಿಯುವ ಕೆಳಗಿನ ಮೂಲೆ ಉಳಿದ ಮೂಲೆಗಳಿಗಿಂತ ಜಾಸ್ತಿ ಮಾಸಿ, ದುಂಡಗಾಗಿರುತ್ತದೆ. ಮಡಿಕೆ ಇದ್ದಲ್ಲಿ ನಾರು ಮುರಿದು ಮೇಲಿನ ಬಣ್ಣ ಉದುರಿರುತ್ತದೆ, ಆ ಬಿರುಕಿನಲ್ಲಿ ಕೊಳೆ ಕೂತಿರುತ್ತದೆ. ತೇವದಲ್ಲಿದ್ದ ಕಾಗದದ ಮೇಲೆ ಕೆಂಗಂದು ಚುಕ್ಕಿ ಬರುತ್ತವೆ. ಬೂಷ್ಟು ಅಥವಾ ಕಾಗದದೊಳಗಿನ ಕಬ್ಬಿಣದ ಕಣ ಅದಕ್ಕೆ ಕಾರಣ. ಈ ಚುಕ್ಕಿಗಳು ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಅಲ್ಲೊಂದು ಇಲ್ಲೊಂದು. ಅಂಚು, ಮೂಲೆ, ಮಡಿಕೆ, ಕೈ ತಾಗುವ ಜಾಗ. ನಮ್ಮ ಕೆಲಸ ನಡೆಯಬೇಕಾದದ್ದೂ ಇಲ್ಲೇ.

ಯಾವ ಕಾಗದ

ಕಾರ್ಡ್ ಮಾಡುವ ಬಣ್ಣದ ದಪ್ಪ ಕಾಗದದಲ್ಲಿ, ಅಂದರೆ ಕಾರ್ಡ್‌ಸ್ಟಾಕ್‌ನಲ್ಲಿ, ಎರಡು ಬಗೆ. ಒಂದರಲ್ಲಿ ಬಣ್ಣ ಈ ಕಡೆಯಿಂದ ಆ ಕಡೆಯವರೆಗೆ ಒಳಗೂ ಇರುತ್ತದೆ. ಇನ್ನೊಂದರಲ್ಲಿ ಬಣ್ಣ ಮೇಲೆ ಮಾತ್ರ, ಒಳಗೆ ಬಿಳಿ. ಅಂಗಡಿಯಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಚೂರು ಮೂಲೆ ಹರಿದರೆ ಗೊತ್ತಾಗುತ್ತದೆ. ಉಜ್ಜಿ ಸವೆಸುವ ಕೆಲಸಕ್ಕೆ ಒಳಗೆ ಬಿಳಿ ಇರುವುದೇ ಬೇಕು, ಇಲ್ಲದಿದ್ದರೆ ಎಷ್ಟು ಉಜ್ಜಿದರೂ ಕೆಳಗಿನಿಂದ ಅದೇ ಬಣ್ಣ ಬರುತ್ತದೆ. ಮುದುಡಿ ಇಂಕ್ ಹಚ್ಚುವುದಕ್ಕೆ ಯಾವುದಾದರೂ ನಡೆಯುತ್ತದೆ.

ಕಾರ್ಡಿನ ತಳಕ್ಕೆ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಇಷ್ಟು ಗ್ರಾಂ ತೂಗುತ್ತದೆ ಅನ್ನುವ ಅಳತೆ) ಆಸುಪಾಸಿನ ಗಟ್ಟಿ ಕಾಗದ ಇಟ್ಟುಕೊಂಡು ಅದನ್ನು ಹೆಚ್ಚು ಕೆಣಕದೆ ಬಿಡುವುದು ಒಳ್ಳೆಯದು. ಹರಿಯುವುದು, ನೆನೆಸುವುದು ಎಲ್ಲ ಮೇಲೆ ಅಂಟಿಸುವ ಪದರಗಳಿಗೆ ಇರಲಿ. ನೆನೆದು ಒಣಗಿದ ಕಾಗದಕ್ಕೆ ಮೊದಲಿನ ಬಿಗಿ ಇರುವುದಿಲ್ಲ, ಕಾರ್ಡ್ ನೆಟ್ಟಗೆ ನಿಲ್ಲುವುದಿಲ್ಲ. ಹೊಳಪಿನ ಲೇಪನ ಇರುವ ಕಾಗದದ ಮೇಲೆ ನೀರು, ಚಹಾ ನಿಲ್ಲದೆ ಜಾರುತ್ತದೆ. ಅದಕ್ಕೆ ಸ್ಯಾಂಡ್‌ಪೇಪರ್ ಒಂದೇ ದಾರಿ.

ಇನ್ನೊಂದು ಸಂಗತಿ ನಾರಿನ ದಿಕ್ಕು. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ಹೆಚ್ಚಿನ ನಾರುಗಳು ಒಂದೇ ಕಡೆ ತಲೆ ಮಾಡಿ ಮಲಗಿರುತ್ತವೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಬಾಗಿದ ಗೆರೆಯ ಉದ್ದಕ್ಕೆ ನಾರು ಇದೆ ಎಂದರ್ಥ. ನಾರಿನ ಉದ್ದಕ್ಕೆ ಹರಿದರೆ ಬಿದಿರು ಸೀಳಿದ ಹಾಗೆ ನೇರ ಹೋಗುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕು. ಎರಡೂ ಬೇಕಾಗುತ್ತದೆ, ಎಲ್ಲಿ ಯಾವುದು ಅನ್ನುವುದು ನಿಮಗೆ ಬಿಟ್ಟದ್ದು.

ಹರಿಯುವುದು, ಉಜ್ಜುವುದು

ಹರಿಯುವುದರಲ್ಲಿ ಏನಿದೆ ಅನ್ನಬೇಡಿ. ಒಳಗೆ ಬಿಳಿ ಇರುವ ಚಿತ್ತಾರದ ಕಾಗದವನ್ನು ಚಿತ್ತಾರ ಮೇಲೆ ಬರುವಂತೆ ಮೇಜಿನ ಮೇಲಿಡಿ. ಎಡಗೈಯಿಂದ ಒತ್ತಿ ಹಿಡಿದು, ಬಲಭಾಗವನ್ನು ಮೇಲಕ್ಕೆತ್ತಿ ನಿಮ್ಮ ಕಡೆಗೆ ಎಳೆದು ಹರಿಯಿರಿ. ಎತ್ತಿದ ತುಂಡು ಮೇಲಿನ ಬಣ್ಣದ ಪದರವನ್ನು ತನ್ನ ಜೊತೆ ಕಿತ್ತುಕೊಂಡು ಬರುತ್ತದೆ. ಮೇಜಿನ ಮೇಲೆ ಉಳಿದ ತುಂಡಿನ ಅಂಚಿನಲ್ಲಿ ಬಿಳಿ ಪಟ್ಟಿ ಮೂಡುತ್ತದೆ. ಅಂದರೆ ಬಿಳಿ ಅಂಚು ಬೇಕಾದ ತುಂಡನ್ನು ಒತ್ತಿ ಹಿಡಿಯಬೇಕು, ಬೇಡದ್ದನ್ನು ಎತ್ತಬೇಕು. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಹರಿದರೆ ಪಟ್ಟಿಯ ಅಗಲ ನಿಮ್ಮ ಹಿಡಿತದಲ್ಲಿರುತ್ತದೆ. ಈ ಬಿಳಿ ಪಟ್ಟಿಯಲ್ಲಿ ನಾರು ಬಿಚ್ಚಿಕೊಂಡಿರುವುದರಿಂದ ಆಮೇಲೆ ಇಂಕ್ ಹಚ್ಚಿದಾಗ ಅದು ಬೇರೆ ಜಾಗಕ್ಕಿಂತ ಜಾಸ್ತಿ ಹೀರುತ್ತದೆ. ಗಾಢವಾದ ಅಂಚು ಕೆಲಸವಿಲ್ಲದೆ ಸಿಕ್ಕಿಬಿಡುತ್ತದೆ.

ಮೃದುವಾದ, ಎಳೆ ಎಳೆಯಾದ ಅಂಚು ಬೇಕಾದರೆ ಒದ್ದೆ ಮಾಡಿ ಹರಿಯಬೇಕು. ಸಣ್ಣ ಕುಂಚದಿಂದ ಹರಿಯಬೇಕಾದ ಗೆರೆಯ ಮೇಲೆ ನೀರು ಎಳೆಯಿರಿ, ಅದು ಇಂಗುವವರೆಗೆ ಕಾಯಿರಿ, ಆಮೇಲೆ ಎರಡೂ ಕಡೆಯಿಂದ ಮೆಲ್ಲಗೆ ಎಳೆಯಿರಿ. ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬಂಧ ನೀರಿನಲ್ಲಿ ಸಡಿಲವಾಗುತ್ತದೆ, ಹಾಗಾಗಿ ನಾರು ಮುರಿಯದೆ ಜಾರಿ ಹೊರಬರುತ್ತದೆ. ಕೈಯಲ್ಲಿ ತಯಾರಿಸಿದ, ಉದ್ದ ನಾರಿನ ಕಾಗದದಲ್ಲಿ ಇದು ತುಂಬಾ ಚೆನ್ನಾಗಿ ಬರುತ್ತದೆ.

ಸ್ಯಾಂಡ್‌ಪೇಪರ್ ವಿಷಯಕ್ಕೆ ಬಂದರೆ 220ರ ಆಸುಪಾಸಿನ ನಯವಾದದ್ದು ಸಾಕು (ಇದು ಗ್ರಿಟ್ ಸಂಖ್ಯೆ, ಜಾಸ್ತಿಯಾದಷ್ಟೂ ನಯ). 100ರಂಥ ಒರಟಾದದ್ದು ಗೀರು ಬೀಳಿಸುತ್ತದೆ, ಬೇಕೆಂದೇ ಗೀರು ಹಾಕುವಾಗ ಮಾತ್ರ ಅದು. ಅಂಚಿನಲ್ಲಿ ಉಜ್ಜುವಾಗ ಒಳಗಿನಿಂದ ಹೊರಕ್ಕೆ ಕೈ ಓಡಲಿ. ಹೊರಗಿನಿಂದ ಒಳಕ್ಕೆ ಉಜ್ಜಿದರೆ ಕಾಗದ ಮಡಚಿಕೊಂಡು ಹರಿಯುತ್ತದೆ. ಎಂಬಾಸಿಂಗ್ ಫೋಲ್ಡರಿನಲ್ಲಿ ಒತ್ತಿ ಉಬ್ಬುಚಿತ್ರ ಮಾಡಿದ ಕಾಗದ ಇದ್ದರೆ ಅದರ ಮೇಲೆ ಸ್ಯಾಂಡ್‌ಪೇಪರ್ ಚಪ್ಪಟೆಯಾಗಿ ಓಡಿಸಿ. ಉಬ್ಬಿದ ಭಾಗ ಮಾತ್ರ ಬಿಳಿಯಾಗಿ, ಚಿತ್ರ ಎದ್ದು ಬರುತ್ತದೆ. ನನ್ನ ಮಟ್ಟಿಗೆ ಇಡೀ ಡಿಸ್ಟ್ರೆಸ್ಸಿಂಗ್‌ನಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಉಜ್ಜಿದ ಮೇಲೆ ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಲೇಬೇಕು. ಇಲ್ಲದಿದ್ದರೆ ಮುಂದೆ ಇಂಕ್ ಹಚ್ಚುವಾಗ ಅದೇ ಪುಡಿ ಸ್ಪಾಂಜಿಗೆ ಮೆತ್ತಿಕೊಂಡು ಬಣ್ಣ ಮಂಕಾಗುತ್ತದೆ.

ಅಂಚನ್ನು ಕೆರೆಯಲು ಸಣ್ಣ ಉಪಕರಣಗಳೇ ಸಿಗುತ್ತವೆ. ತೆರೆದ ಕತ್ತರಿಯ ಒಂದು ಅಲಗನ್ನು ಅಂಚಿಗೆ ನೇರವಾಗಿ ಹಿಡಿದು ಎಳೆದರೂ ಅದೇ ಕೆಲಸ ಆಗುತ್ತದೆ. ಬೆರಳು ಅಲಗಿನ ದಾರಿಯಲ್ಲಿ ಇರದಂತೆ ನೋಡಿಕೊಳ್ಳಿ, ಅಷ್ಟೇ.

ಮುದುಡುವುದು

ಇದನ್ನು ಎಲ್ಲರೂ ಅವಸರದಲ್ಲಿ ಮಾಡುತ್ತಾರೆ. ಒಣ ಕಾರ್ಡ್‌ಸ್ಟಾಕ್ ಹಿಂಡಿದರೆ ಒಂದೆರಡು ದೊಡ್ಡ ಮುರಿತ ಬಿದ್ದು ಅಲ್ಲೇ ಸೀಳುತ್ತದೆ. ಮೊದಲು ಎರಡೂ ಬದಿಗೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಹಾಳೆ ಮೆತ್ತಗಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಮೂಲೆಯಿಂದ ಶುರುಮಾಡಿ ಒಳಕ್ಕೆ ಮುದುಡುತ್ತಾ ಉಂಡೆ ಮಾಡಿ. ಬಿಡಿಸಿ. ಇನ್ನೊಂದು ಕೋನದಿಂದ ಮತ್ತೆ ಮುದುಡಿ. ಪ್ರತಿ ಸಲವೂ ಸುಕ್ಕು ಸಣ್ಣದಾಗುತ್ತಾ ಹೋಗುತ್ತದೆ. ಮೂರನೆಯ ಸಲಕ್ಕೆ ಕಾಗದ ಬಟ್ಟೆಯಂತೆ ಬಾಗತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಈಗ ಬಿಡಿಸಿ, ಅಂಗೈಯಲ್ಲಿ ಸವರಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಂಕ್ ಪ್ಯಾಡನ್ನು ಕೈಯಲ್ಲಿ ಹಿಡಿದು ಮೇಲ್ಮೈ ಮೇಲೆ ಹಗುರವಾಗಿ ಎಳೆಯಿರಿ. ಪ್ಯಾಡ್ ಎದ್ದ ಸುಕ್ಕುಗಳನ್ನು ಮಾತ್ರ ಮುಟ್ಟುತ್ತದೆ. ತಗ್ಗು ತಿಳಿಯಾಗಿ ಉಳಿಯುತ್ತದೆ. ಆಮೇಲೆ ಒಂದು ಸಲ ನೀರು ಚಿಮುಕಿಸಿದರೆ ಸುಕ್ಕಿನ ಮೇಲಿನ ಬಣ್ಣ ಸ್ವಲ್ಪ ಹರಿದು ಪಕ್ಕಕ್ಕೆ ಇಳಿಯುತ್ತದೆ, ಗೆರೆ ಗೆರೆಯಾಗಿ ಕಾಣುವುದು ತಪ್ಪುತ್ತದೆ. ಒಣಗಿದ ಮೇಲೆ ಹಳೆಯ ಚರ್ಮದಂಥ ಮೇಲ್ಮೈ ಸಿಗುತ್ತದೆ. ಪೂರ್ತಿ ಚಪ್ಪಟೆ ಮಾಡಲು ಇಸ್ತ್ರಿ ಪೆಟ್ಟಿಗೆ ಬಳಸಬಹುದು. ಮೇಲೆ ತೆಳುಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ. ಸುಕ್ಕಿನ ಉಬ್ಬು ಸ್ವಲ್ಪ ಉಳಿಯಲಿ ಅನ್ನುವವರು ಭಾರದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟರೆ ಸಾಕು.

ಇಡೀ ಹಾಳೆ ಮುದುಡಲೇಬೇಕು ಅಂತಿಲ್ಲ. ಒಂದು ಮೂಲೆಯನ್ನಷ್ಟೇ ಎರಡು ಮೂರು ಸಲ ಮಡಚಿ ಬಿಡಿಸಿ, ಆ ಗೆರೆಯ ಮೇಲೆ ಮಾತ್ರ ಉಜ್ಜಿ ನೋಡಿ. ಯಾರೋ ಜೇಬಿನಲ್ಲಿಟ್ಟುಕೊಂಡು ತಿರುಗಿದ ಕಾಗದದ ಹಾಗೆ ಕಾಣುತ್ತದೆ. ನನಗೆ ಪೂರ್ತಿ ಮುದುಡಿದ್ದಕ್ಕಿಂತ ಇದೇ ಇಷ್ಟ.

ಇಂಕ್

ಅಂಚಿಗೆ ಬಣ್ಣ ಹಚ್ಚುವುದಕ್ಕೆ ಸ್ಪಾಂಜಿನ ತುಂಡು ಅಥವಾ ದುಂಡನೆಯ ಬ್ಲೆಂಡಿಂಗ್ ಬ್ರಷ್ ಬೇಕು. ಪ್ಯಾಡಿನಿಂದ ಇಂಕ್ ತೆಗೆದು ನೇರ ಕಾಗದಕ್ಕೆ ಇಟ್ಟರೆ ಅಲ್ಲೊಂದು ಗಾಢ ಮಚ್ಚೆ ಕೂತುಬಿಡುತ್ತದೆ, ಅದನ್ನು ಅಳಿಸಲಾಗದು. ಕಾಗದದ ಹೊರಗೆ, ಕೆಳಗೆ ಹಾಸಿದ ಮ್ಯಾಟಿನ ಮೇಲೆ ಶುರುಮಾಡಿ, ಸಣ್ಣ ಸುತ್ತುಗಳಲ್ಲಿ ಉಜ್ಜುತ್ತಾ ಕಾಗದದ ಅಂಚಿನ ಮೇಲೆ ಬನ್ನಿ. ತಿಳಿ ಬಣ್ಣ ಮೊದಲು, ಅಗಲವಾಗಿ. ಗಾಢ ಬಣ್ಣ ಆಮೇಲೆ, ಅಂಚಿನ ತುದಿಗೆ ಮಾತ್ರ. ಕೈ ಹಿಡಿಯುವ ಮೂಲೆಗೆ ಇನ್ನೊಂದು ಪಾಲು ಜಾಸ್ತಿ.

ಇಂಕ್‌ಗಳೆಲ್ಲ ಒಂದೇ ಅಲ್ಲ. ಸಾಮಾನ್ಯ ಡೈ ಇಂಕ್ (ಕರಗಿದ ಬಣ್ಣದ ಇಂಕ್) ಬೇಗ ಒಣಗುತ್ತದೆ, ಎಳೆದು ಹರಡಲು ಸಮಯ ಕೊಡುವುದಿಲ್ಲ. ಟಿಮ್ ಹೋಲ್ಟ್ಜ್ ಎಂಬ ಅಮೆರಿಕದ ಕರಕುಶಲ ವಿನ್ಯಾಸಕರು ರೇಂಜರ್ ಕಂಪನಿಯ ಜೊತೆ ಸೇರಿ ತಂದ ಡಿಸ್ಟ್ರೆಸ್ ಇಂಕ್ ಈ ಕೆಲಸಕ್ಕೆಂದೇ ಮಾಡಿದ್ದು. ಕಾಗದದ ಮೇಲೆ ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ, ನೀರು ಬಿದ್ದರೆ ಸರಿದು ತಿಳಿಯಾಗುತ್ತದೆ. ಅದರ ಬಣ್ಣಗಳ ಹೆಸರೇ ಟೀ ಡೈ, ವಿಂಟೇಜ್ ಫೋಟೊ, ವಾಲ್‌ನಟ್ ಸ್ಟೇನ್ ಎಂದೆಲ್ಲ ಇವೆ. ಒದ್ದೆ ಬೆರಳಿನಿಂದ ಅದರ ಮೇಲೆ ನೀರು ಸಿಡಿಸಿ, ಅರೆಗಳಿಗೆ ಬಿಟ್ಟು, ಬಟ್ಟೆಯಿಂದ ಒತ್ತಿ ತೆಗೆದರೆ ತೇವದ ಕಲೆಗಳು ಬರುತ್ತವೆ. ಇದೇ ಇಂಕ್ ಬೇಕು ಅಂತೇನೂ ಇಲ್ಲ. ನೀರಿಗೆ ಸರಿಯುವ ಯಾವ ಇಂಕ್ ಆದರೂ ಹೀಗೆ ಆಡುತ್ತದೆ.

ಮೇಣದ ಉಪಾಯವೂ ಒಂದಿದೆ. ಬಣ್ಣ ಹಚ್ಚುವ ಮೊದಲು ಬಿಳಿ ಮೇಣದಬತ್ತಿಯನ್ನು ಅಂಚಿನಲ್ಲಿ ಅಲ್ಲಲ್ಲಿ ಉಜ್ಜಿ. ಮೇಣ ತಾಗಿದಲ್ಲಿ ಇಂಕ್ ಹಿಡಿಯುವುದಿಲ್ಲ, ಬಣ್ಣ ಎದ್ದು ಹೋದ ಹಳೆಯ ಬಾಗಿಲಿನಂತೆ ಕಾಣುತ್ತದೆ. ಆದರೆ ಅಲ್ಲಿ ಅಂಟೂ ಹಿಡಿಯುವುದಿಲ್ಲ, ಮುಂದೆ ಏನಾದರೂ ಅಂಟಿಸುವ ಜಾಗ ಬಿಟ್ಟು ಉಜ್ಜಿ.

ಚಹಾ, ಕಾಫಿ ಮತ್ತು ಕಬ್ಬಿಣ

ಕಾಗದಕ್ಕೆ ಕಲೆ ಹಿಡಿಸಲು ಚಹಾ ಎಲ್ಲರಿಗೂ ಗೊತ್ತಿರುವ ದಾರಿ. ಹಾಲು, ಸಕ್ಕರೆ ಇಲ್ಲದ ಗಟ್ಟಿ ಡಿಕಾಕ್ಷನ್ ಬೇಕು. ಸಕ್ಕರೆ ಇದ್ದರೆ ಒಣಗಿದ ಮೇಲೂ ಜಿಗಿಜಿಗಿ, ಇರುವೆಗೆ ಹಬ್ಬ. ಚಹಾದ ಬಣ್ಣದಲ್ಲಿ ಟ್ಯಾನಿನ್ ಅನ್ನುವ ಒಗರು ವಸ್ತುಗಳಿವೆ, ಅವು ನಾರಿಗೆ ಚೆನ್ನಾಗಿ ಅಂಟುತ್ತವೆ. ಕಾಫಿಯ ಕಂದು ಬೀಜ ಹುರಿಯುವಾಗ ಹುಟ್ಟಿದ್ದು, ಸಾಮಾನ್ಯವಾಗಿ ಚಹಾಕ್ಕಿಂತ ಗಾಢ. ಅದ್ದಿ ತೆಗೆದರೆ ಒಂದೇ ಸಮನಾದ ಬಣ್ಣ ಬರುತ್ತದೆ. ಅದು ನನಗೆ ಅಷ್ಟು ಹಿಡಿಸುವುದಿಲ್ಲ, ಮೊದಲೇ ಹೇಳಿದ ಹಾಗೆ ಹಳೆಯ ಕಾಗದ ಒಂದೇ ಸಮ ಇರುವುದಿಲ್ಲವಲ್ಲ. ತಟ್ಟೆಯಲ್ಲಿ ಹಾಳೆ ಇಟ್ಟು, ದ್ರವವನ್ನು ಅಂಚಿನ ಕಡೆ ಹನಿಸಿ, ಓರೆ ಮಾಡಿ ಒಣಗಲು ಬಿಡಿ. ದ್ರವ ನಿಂತಲ್ಲಿ ಒಣಗುತ್ತಾ ಬಣ್ಣವೆಲ್ಲ ಹೊರಗೆರೆಗೆ ಸರಿಯುತ್ತದೆ, ತೇವದ ಕಲೆಯ ಆ ಗಾಢ ಗೆರೆ ಹಾಗೆ ಮೂಡುತ್ತದೆ. ಹಸಿ ಇರುವಾಗ ಕಲ್ಲುಪ್ಪಿನ ಹರಳು ಉದುರಿಸಿದರೆ ಪ್ರತಿ ಹರಳೂ ಸುತ್ತಲಿನ ನೀರನ್ನು ಎಳೆದುಕೊಂಡು ಕೆಳಗೊಂದು ಚುಕ್ಕಿ ಬಿಡುತ್ತದೆ. ಒಣಗಿದ ಮೇಲೆ ಹರಳು ಕೊಡವಿ.

ಸ್ವಲ್ಪ ಕಪ್ಪು ಬೇಕಾದರೆ ಕಬ್ಬಿಣ. ಉಕ್ಕಿನ ಉಣ್ಣೆಯ (ಸ್ಟೀಲ್ ವುಲ್, ಅಂದರೆ ಕೂದಲಿನಂಥ ಉಕ್ಕಿನ ಎಳೆಗಳ ಉಂಡೆ) ಒಂದು ತುಣುಕನ್ನು ವಿನೆಗರ್‌ನಲ್ಲಿ ಒಂದು ದಿನ ನೆನೆಹಾಕಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಆ ನೀರನ್ನು ಚಹಾ ಹಿಡಿದ ಕಾಗದಕ್ಕೆ ಕುಂಚದ ತುದಿಯಿಂದ ಮುಟ್ಟಿಸಿ. ಕಂದು ಇದ್ದದ್ದು ನೋಡನೋಡುತ್ತಲೇ ಬೂದುಗಪ್ಪಾಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದ್ದರ ಫಲ ಅದು. ಯುರೋಪಿನಲ್ಲಿ ನೂರಾರು ವರ್ಷ ಬರೆಯಲು ಬಳಸಿದ ಕಬ್ಬಿಣದ ಶಾಯಿಯೂ ಇದೇ ರಸಾಯನದಿಂದ ಆದದ್ದು. ಆ ಶಾಯಿ ಎಷ್ಟೋ ಹಸ್ತಪ್ರತಿಗಳ ಕಾಗದವನ್ನು ತಿಂದು ಅಕ್ಷರದ ಜಾಗದಲ್ಲಿ ತೂತು ಮಾಡಿದೆ. ಆದ್ದರಿಂದ ಚುಕ್ಕಿಗಳಷ್ಟೇ ಇಡಿ, ಇಡೀ ಹಾಳೆಗೆ ಬಳಿಯಬೇಡಿ.

ಚಹಾ, ಕಾಫಿ, ವಿನೆಗರ್ ಎಲ್ಲವೂ ಆಮ್ಲೀಯ. ಕಾರ್ಡಿನಲ್ಲಿ ಮೂಲ ಫೋಟೊ ಅಂಟಿಸುತ್ತೀರಿ, ತಲೆಮಾರುಗಟ್ಟಲೆ ಉಳಿಯಬೇಕು ಅಂತಿದ್ದರೆ ಇವನ್ನು ಬಿಟ್ಟು, ಆಮ್ಲರಹಿತ ಕಾಗದ ಮತ್ತು ಆಮ್ಲರಹಿತ ಇಂಕ್‌ಗೆ ಹೋಗಿ. ಹುಟ್ಟುಹಬ್ಬದ ಕಾರ್ಡಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಯಾವುದು ಮೊದಲು

ಕ್ರಮ ತಪ್ಪಿದರೆ ಒಳ್ಳೆಯ ಕೆಲಸವೂ ಕೆಡುತ್ತದೆ. ಮುದುಡಿದ ಕಾಗದದ ಮೇಲೆ ರಬ್ಬರ್ ಸ್ಟಾಂಪ್ ಒತ್ತಿದರೆ ಅಕ್ಷರ ಅರ್ಧಂಬರ್ಧ ಬೀಳುತ್ತದೆ. ಹಾಗಾಗಿ ಶುಭಾಶಯದ ಸಾಲನ್ನು ಮೊದಲೇ ಒತ್ತಬೇಕು, ಅದೂ ನೀರಿಗೆ ಕರಗದ ಇಂಕ್‌ನಲ್ಲಿ, ಪೂರ್ತಿ ಒಣಗಲು ಬಿಟ್ಟು. ಪ್ರಿಂಟರ್‌ನಲ್ಲಿ ತೆಗೆದ ಅಕ್ಷರವಾದರೆ ಲೇಸರ್ ಪ್ರಿಂಟ್ ಇರಲಿ. ಅದರ ಟೋನರ್ ಪ್ಲಾಸ್ಟಿಕ್ ಪುಡಿಯಾದ್ದರಿಂದ ನೀರಿಗೆ ಅಲುಗುವುದಿಲ್ಲ. ಎಷ್ಟೋ ಇಂಕ್‌ಜೆಟ್ ಪ್ರಿಂಟ್‌ಗಳ ಬಣ್ಣ ಒಂದು ಹನಿಗೇ ಹರಡಿಬಿಡುತ್ತದೆ. ಅದಾದ ಮೇಲೆ ಹರಿಯುವುದು, ಉಜ್ಜುವುದು. ನಂತರ ನೀರಿನ ಕೆಲಸ. ಪೂರ್ತಿ ಒಣಗಿದ ಮೇಲೆ ಅಂಚಿಗೆ ಇಂಕ್. ಕೊನೆಗೆ ಅಂಟಿಸುವುದು. ಅಂಟಿಸಿದ ಮೇಲೆ ಅಂಚಿಗೆ ಇಂಕ್ ಹಚ್ಚಲು ಹೋದರೆ ಕೆಳಗಿನ ಪದರಕ್ಕೂ ಬಣ್ಣ ತಾಗಿ ಎರಡರ ನಡುವಿನ ಗೆರೆಯೇ ಮಾಯವಾಗುತ್ತದೆ.

ಒಂದು ಕಾರ್ಡಿನಲ್ಲಿ ಎಲ್ಲ ತಂತ್ರವನ್ನೂ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಹರಿದ, ಮುದುಡಿದ, ಸುಟ್ಟ, ಕಲೆಯಾದ ನಾಲ್ಕು ಪದರ ಒಂದರ ಮೇಲೊಂದು ಕೂತರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಒಂದು ಪದರವಾದರೂ ನೇರ ಅಂಚಿನದು, ಶುಚಿಯಾದದ್ದು ಇರಲಿ. ಅದರ ಪಕ್ಕದಲ್ಲೇ ಸವೆದದ್ದು ಸವೆದದ್ದಾಗಿ ಕಾಣುವುದು.

ಸುಟ್ಟ ಅಂಚಿನ ಮಾತು ಬಂತು. ಮೇಣದಬತ್ತಿಗೆ ಹಿಡಿದು ಅಂಚು ಸುಡುವುದನ್ನು ಬಹಳ ಜನ ಮಾಡುತ್ತಾರೆ. ನಾನು ಹೇಳುವುದಾದರೆ ಬೇಡ. ಕಾಗದ ಒಣಗಿರುತ್ತದೆ, ಪಕ್ಕದಲ್ಲಿ ಚೂರುಪಾರು ಬಿದ್ದಿರುತ್ತದೆ, ಕಿಡಿ ಎಲ್ಲಿ ಹಾರುತ್ತದೋ ಗೊತ್ತಾಗುವುದಿಲ್ಲ. ಸುಟ್ಟ ಕರಿ ಲಕೋಟೆಯೊಳಗೆ ಉದುರಿ ಉಳಿದ ಭಾಗವನ್ನೂ ಮಸಿ ಮಾಡುತ್ತದೆ. ಹರಿದ ಅಂಚಿಗೆ ಕಂದು, ಅದರ ತುದಿಗೆ ಕಪ್ಪು ಇಂಕ್ ಹಚ್ಚಿದರೆ ಬಹುತೇಕ ಅದೇ ನೋಟ. ಓವನ್‌ನಲ್ಲಿ ಕಾಗದ ಒಣಗಿಸುವವರು 100 ಡಿಗ್ರಿ ಸೆಲ್ಸಿಯಸ್ ದಾಟಿಸದೆ, ಎದುರಿಗೇ ನಿಂತು ನೋಡಿಕೊಳ್ಳಬೇಕು. ಬಣ್ಣ ಮಾಸಿದಂತೆ ಮಾಡಲು ಬ್ಲೀಚ್ ಬಳಸುವವರೂ ಇದ್ದಾರೆ. ಅದು ನಾರನ್ನೇ ಸಡಿಲ ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಬ್ಲೀಚನ್ನು ವಿನೆಗರ್ ಜೊತೆ ಎಂದೂ ಸೇರಿಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಕಬ್ಬಿಣದ ನೀರು ಮಾಡಿದ ಪಾತ್ರೆಯನ್ನೇ ತೊಳೆಯದೆ ಬ್ಲೀಚಿಗೆ ಬಳಸುವುದೂ ಇದರಲ್ಲೇ ಸೇರಿತು.

ಅಂಟಿಸುವಾಗ ನೆನಪಿರಲಿ, ಸುಕ್ಕುಗಟ್ಟಿದ ಕಾಗದ ಎಲ್ಲ ಕಡೆ ತಳಕ್ಕೆ ತಾಗುವುದಿಲ್ಲ. ಎರಡು ಬದಿಯ ಟೇಪ್ ಸಾಲದಾಗಬಹುದು. ತೆಳುವಾಗಿ ಬಳಿದ ಅಂಟು, ಮೇಲೆ ಒಂದಿಷ್ಟು ಭಾರ, ಆಮೇಲೆ ತಾಳ್ಮೆ. ಅಂಟು ಜಾಸ್ತಿಯಾದರೆ ಒಂದು ಬದಿ ಮಾತ್ರ ತೇವ ಹೀರಿ ಹಿಗ್ಗಿ ಕಾರ್ಡ್ ಬಾಗುತ್ತದೆ. ಪದರಗಳ ನಾರಿನ ದಿಕ್ಕು ಒಂದೇ ಇದ್ದರೆ ಈ ಬಾಗುವಿಕೆ ಕಡಿಮೆ, ಯಾಕೆಂದರೆ ಕಾಗದ ಹಿಗ್ಗುವುದು ಹೆಚ್ಚಾಗಿ ನಾರಿನ ಅಡ್ಡಕ್ಕೆ. ಲಕೋಟೆಗೆ ಹಾಕುವ ಮೊದಲು ಬಿಳಿ ಬಟ್ಟೆಯಿಂದ ಅಂಚು ಒರೆಸಿ ನೋಡಿ. ಬಣ್ಣ ಇನ್ನೂ ಬಿಡುತ್ತಿದ್ದರೆ ಇನ್ನೊಂದು ದಿನ ಒಣಗಲಿ. ಎದ್ದು ನಿಂತ ಹರಿದ ಅಂಚು ಲಕೋಟೆಯ ಬಾಯಿಗೆ ಸಿಕ್ಕಿ ಕಿತ್ತು ಬರುತ್ತದೆ. ಹಾಗಾಗಿ ಲಕೋಟೆ ಕಾರ್ಡಿಗಿಂತ ಸುತ್ತಲೂ ನಾಲ್ಕೈದು ಮಿಲಿಮೀಟರ್ ದೊಡ್ಡದಿರಲಿ, ಕಾರ್ಡಿನ ಮುಖಕ್ಕೆ ಒಂದು ತೆಳು ಟಿಶ್ಯೂ ಹಾಳೆ ಹೊದಿಸಿ ಒಳಗೆ ಸೇರಿಸಿ.